ಅಮಾವಾಸ್ಯೆ ನೋಡಿಕೊಂಡು ಅಂಡಮಾನಿಗೆ: ನನ್ನ ಅನುಭವ

ಹನಿಮೂನಿಗೆ ಎಲ್ಲರೂ ಹುಣ್ಣಿಮೆ ಹುಡುಕುತ್ತಾರೆ. ನಾನು ವಿಮಾನದ ದರ ನೋಡುವ ಮೊದಲೇ ಒಂಟಿಕೊಪ್ಪಲ್ ಪಂಚಾಂಗ ಬಿಡಿಸಿ ಅಮಾವಾಸ್ಯೆ ಗುರುತು ಹಾಕಿದೆ. ಹ್ಯಾವ್‌ಲಾಕ್ ದ್ವೀಪದ ನೀರು ಸೂಕ್ಷ್ಮಜೀವಿಗಳಿಂದ ರಾತ್ರಿ ಮಿನುಗುವುದು ಕಾಣಬೇಕಾದರೆ ಬೆಳದಿಂಗಳು ಇರಕೂಡದು. ನೀಲ್ ದ್ವೀಪದ ಕಲ್ಲು ಕಮಾನಿನ ಬುಡಕ್ಕೆ ನಡೆದುಹೋಗಬೇಕಾದರೆ ಸಮುದ್ರ ಚೆನ್ನಾಗಿ ಇಳಿದಿರಬೇಕು. ಎರಡೂ ಒಟ್ಟಿಗೆ ಒದಗುವುದು ಅಮಾವಾಸ್ಯೆಯ ಆಸುಪಾಸಿನಲ್ಲಿ ಮಾತ್ರ.

ಮೈಸೂರಿನ ಟ್ರಾವೆಲ್ಸ್‌ನವರೊಬ್ಬರು ನಕ್ಕರು. ಅವರ ಪ್ಯಾಕೇಜು ಇಬ್ಬರಿಗೆ ಒಂದೂಕಾಲು ಲಕ್ಷದ ಮೇಲಿತ್ತು. ಮಂಡ್ಯದ ಮನೆಯಲ್ಲಿ ಯಾರೂ ನಗಲಿಲ್ಲ. ಮಾಘದ ಅಮಾವಾಸ್ಯೆ ಎಂದರೆ ಹಿಂದಿನ ದಿನ ಶಿವರಾತ್ರಿ. ಹೊಸ ಸೊಸೆ ಹಬ್ಬಕ್ಕೆ ಮನೆಯಲ್ಲಿಲ್ಲ ಎಂದರೆ ಹೇಗೆ? ಅಮಾವಾಸ್ಯೆಗೆ ಹೊಸ್ತಿಲು ದಾಟಬಾರದು ಎಂದು ಅಜ್ಜಿ ಹಟ ಹಿಡಿದರು. ದಾಟಲಿಲ್ಲ, ಏಕಾದಶಿಗೇ ಹೊರಟೆವು. ಶಿವರಾತ್ರಿಗೆ ಅಮ್ಮನನ್ನು ಒಪ್ಪಿಸಿದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಬೆಂಗಳೂರಿನಿಂದ ಹೋಗಿಬರುವ ವಿಮಾನಕ್ಕೆ ಇಬ್ಬರಿಗೂ ಸೇರಿ ಇಪ್ಪತ್ತಾರೋ ಇಪ್ಪತ್ತೇಳೋ ಸಾವಿರ. ಫೆರ್ರಿ ಹುಡುಕುವಾಗ ಹ್ಯಾವ್‌ಲಾಕನ್ನು ಸ್ವರಾಜ್ ದ್ವೀಪ, ನೀಲನ್ನು ಶಹೀದ್ ದ್ವೀಪ ಎಂದೂ ನೋಡಿ. 2018ರಲ್ಲಿ ಹೆಸರು ಬದಲಾಗಿದೆ. ಸರ್ಕಾರಿ ದೋಣಿಯ ಟಿಕೆಟ್ ನನಗೆ ಕೊನೆಗೂ ಸಿಗಲಿಲ್ಲ. ಖಾಸಗಿಯದಕ್ಕೆ ಪ್ರತಿ ಸಲ ತಲೆಗೆ ಒಂದೂವರೆ ಸಾವಿರದಷ್ಟು ಸುರಿದೆ.

ಹಣ ದಂಡವಾದದ್ದು ಮಾತ್ರ ‘ರೊಮ್ಯಾಂಟಿಕ್’ ಎಂಬ ಹಣೆಪಟ್ಟಿ ಇದ್ದದ್ದಕ್ಕೆಲ್ಲ. ಮರಳಿನ ಮೇಲೆ ಮೇಣದಬತ್ತಿಯ ಊಟಕ್ಕೆ ನಾಲ್ಕು ಸಾವಿರ ಕೊಟ್ಟೆವು. ಗಾಳಿಗೆ ಒಂದು ಬತ್ತಿಯೂ ನಿಲ್ಲಲಿಲ್ಲ, ಅನ್ನದಲ್ಲಿ ಮರಳು ಕರಕರ ಎಂದಿತು. ಹಾಸಿಗೆಯ ಮೇಲಿನ ಹೂವಿನ ಹೃದಯದೊಳಗಿಂದ ಇರುವೆಗಳ ಸಾಲು ದಿಂಬಿನವರೆಗೂ ಬಂದಿತ್ತು. ನಡುರಾತ್ರಿ ಹೊದಿಕೆ ಕೊಡವಿದೆವು.

ಶಿವರಾತ್ರಿಯ ರಾತ್ರಿ ಕಯಾಕ್ ಹತ್ತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಕ್ಕೆ ಹೋದೆವು. ತಲಾ ಮೂರು ಸಾವಿರ ಚಿಲ್ಲರೆ. ಹುಟ್ಟು ಹಾಕಿದಲ್ಲೆಲ್ಲ ನೀಲಿ ಕಿಡಿ. ಹೆಂಡತಿ ಕೈ ಅದ್ದಿ ತೆಗೆದಾಗ ಬೆರಳ ಸಂದಿಯಲ್ಲೂ ಎರಡು ಚುಕ್ಕಿ ಮಿನುಗಿ ಆರಿದವು. ನನ್ನ ಮೊಬೈಲಿನಲ್ಲಿ ಸಿಕ್ಕಿದ್ದು ಬರೀ ಕಪ್ಪು. ಜಾಗರಣೆ ಆಯಿತೇ ಎಂದು ಅಮ್ಮ ಫೋನಿನಲ್ಲಿ ಕೇಳಿದರೆ ಹೌದು ಎನ್ನಲು ಅಡ್ಡಿಯಿರಲಿಲ್ಲ.

ಪಾಡ್ಯದಂದು ನೀಲ್. ಬೆಳಿಗ್ಗೆ ನೀರು ತುಂಬಿದ್ದಾಗ ಭರತ್‌ಪುರದಲ್ಲಿ ಹವಳ ನೋಡಿ, ನಾಲ್ಕರ ಸುಮಾರಿಗೆ ನೀರು ಇಳಿದ ಮೇಲೆ ಕಮಾನಿನ ಕೆಳಗೆ ನಿಂತೆವು. ಬಂಡೆಯ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನು, ಕಡಲಸೌತೆ ಎಲ್ಲ ಕಾಲಬುಡದಲ್ಲೇ. ಪ್ಯಾಕೇಜಿನ ಜೋಡಿಗಳು ಬೆಳಿಗ್ಗೆಯೇ ಬಂದು ನೀರು ನೋಡಿ ಹಿಂದಿರುಗಿದ್ದವಂತೆ. ಅಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುವುದರಿಂದ ಲಕ್ಷ್ಮಣ್‌ಪುರ ತೀರಕ್ಕೆ ಓಡಬೇಕಾಯಿತು.

ಮದ್ದೂರು ವಡೆಯ ಪ್ರಯೋಗವನ್ನೂ ಹೇಳಿಬಿಡುತ್ತೇನೆ: ಕಡಲ ಗಾಳಿಗೆ ಮೂರನೆಯ ದಿನಕ್ಕೇ ಮೆತ್ತಗಾಯಿತು. ಶುಂಠಿ ಕುಟ್ಟಿ ಹಾಕಿದ ನಮ್ಮೂರ ಬೆಲ್ಲ ಗೆದ್ದಿತು. ಫೆರ್ರಿಯಲ್ಲಿ ಸುತ್ತಮುತ್ತ ಎಲ್ಲರೂ ವಾಂತಿಗೆಂದು ಕವರ್ ಹಿಡಿದಿದ್ದರೂ ನಾವು ಬಚಾವ್.

ಒಟ್ಟು ಎಂಬತ್ತು ಸಾವಿರ ದಾಟಲಿಲ್ಲ. ನಮ್ಮವರಲ್ಲಿ ಮುಂದೆ ಮದುವೆಯಾಗುವವರಿಗೆ ತ್ರಯೋದಶಿಯಿಂದ ಬಿದಿಗೆಯವರೆಗೆ ದ್ವೀಪದಲ್ಲಿರಿ ಎಂದೇ ಹೇಳುತ್ತಿದ್ದೇನೆ. ಆಷಾಢದಲ್ಲಿ ಅಗ್ಗ ಎಂದು ಹೊರಡಬೇಡಿ: ಆಗ ಅಲ್ಲಿ ಮಳೆಗಾಲ, ಗಾಳಿ ಎದ್ದರೆ ಫೆರ್ರಿ ರದ್ದಾಗುತ್ತದೆ, ಕೋಣೆಯ ಬಾಡಿಗೆ ಓಡುತ್ತಲೇ ಇರುತ್ತದೆ.