ಪಾವಟಿಗೆ: ಯಾವ ಅಳತೆ ಎಲ್ಲಿಂದ ಎಲ್ಲಿಗೆ

ಬಾಗಲಕೋಟೆ ಕಡೆ ಪಾವಟಿಗೆಗೆ (ಮೆಟ್ಟಿಲಿಗೆ) ಇಳಕಲ್ ಗ್ರಾನೈಟ್ ಕೊಯ್ಯಿಸುವಾಗ ‘ಟ್ರೆಡ್, ಅಂದರೆ ಕಾಲಿಡುವ ಹಾಸಿನ ಅಗಲ, ಎಷ್ಟು?’ ಎಂದರೆ ಮನೆ ಮಾಲಕರು 10 ಇಂಚು ಅಂತಾರೆ, ಗೌಂಡಿ 12 ಅಂತಾನೆ. ಇಬ್ಬರದೂ ಖರೆ. ಒಂದು ರೈಸರಿನ (ಮೆಟ್ಟಿಲಿನ ನೆಟ್ಟಗೆ ನಿಂತ ಭಾಗದ) ಮುಖದಿಂದ ಮುಂದಿನ ರೈಸರಿನ ಮುಖಕ್ಕೆ 10. ಕಲ್ಲು ಮಾತ್ರ ಮುಂದೆ 1 ಇಂಚು ಮೂಗು ಚಾಚಬೇಕು, ಹಿಂದೆ ಮುಕ್ಕಾಲು ಇಂಚು ಮೇಲಿನ ರೈಸರ್ ಕಲ್ಲಿನ ಅಡಿಗೆ ಹೋಗಬೇಕು. ಒಟ್ಟು ಹನ್ನೊಂದೂಮುಕ್ಕಾಲು, ಅದಕ್ಕೇ 12 ಇಂಚಿನ ಪಟ್ಟಿ. ಮೂಗು ಒಂದೂಕಾಲು ದಾಟಿದರೆ ಹತ್ತುವಾಗ ಬೆರಳು ಎಡವುತ್ತದೆ, ಅಂಚೂ ಸಿಡಿಯುತ್ತದೆ.

ನೆಲದಿಂದ ನೆಲಕ್ಕೆ 10 ಅಡಿ ಇದ್ದಲ್ಲಿ ನಾನು 18 ರೈಸರ್ ಹಿಡಿಯುತ್ತೇನೆ: 120 ಭಾಗಿಸು 18, ಅಂದರೆ 6.67 ಇಂಚು. ಎರಡು ಫ್ಲೈಟಿಗೆ (ಮೆಟ್ಟಿಲ ಸಾಲಿಗೆ) 9-9 ರೈಸರ್. ಆದರೆ ಟ್ರೆಡ್ 8-8 ಮಾತ್ರ, ಒಂಬತ್ತನೇ ಹೆಜ್ಜೆ ಬೀಳುವುದು ಲ್ಯಾಂಡಿಂಗ್ (ಎರಡು ಫ್ಲೈಟಿನ ನಡುವಿನ ಸಮತಟ್ಟು ಜಾಗ) ಮೇಲೆ ಅಥವಾ ಮೇಲಿನ ನೆಲದ ಮೇಲೆ. ಇದನ್ನು ಮರೆತರೆ ಲ್ಯಾಂಡಿಂಗಿನಲ್ಲಿ 10 ಇಂಚು ಹೋಯಿತು.

ಹೆಚ್ಚು ಜನ ಎಡವುವುದು ಮೊದಲ ಮತ್ತು ಕೊನೆಯ ಮೆಟ್ಟಿಲಲ್ಲಿ. ಕೋಣೆಯ ಫರ್ಸಿಗೆ (ನೆಲಹಾಸು ಕಲ್ಲಿಗೆ) ಮಾಲು (ಗಾರೆ) ಸೇರಿ 3 ಇಂಚು ದಪ್ಪ ಬರುತ್ತದೆ, ಮೆಟ್ಟಿಲಿಗೆ 2 ಇಂಚು. ಕಾಂಕ್ರೀಟಿನಲ್ಲಿ ಎಲ್ಲವನ್ನೂ ಸಮ ಹಾಕಿದರೆ ಕೆಳಗಿನ ರೈಸರ್ 5.67ಕ್ಕೆ ಇಳಿಯುತ್ತದೆ, ತುದಿಯದು 7.67ಕ್ಕೆ ಏರುತ್ತದೆ. ಕಾಲು ಹಿಂದಿನ ಮೆಟ್ಟಿಲಿನ ಎತ್ತರವನ್ನೇ ನಂಬಿ ಏಳುತ್ತದೆ, ಕಣ್ಣು ನೋಡುವುದಿಲ್ಲ. ಆದ್ದರಿಂದ ಸೆಂಟ್ರಿಂಗಿಗೆ (ಕಾಂಕ್ರೀಟ್ ಸುರಿಯಲು ಕಟ್ಟುವ ಅಚ್ಚಿಗೆ) ಮೊದಲೇ ಲೆವೆಲ್ ಪೈಪ್ ಹಿಡಿದು, ಫರ್ಸಿ ಹಾಕಿದ ಮೇಲಿನ ಮಟ್ಟವನ್ನು ಗೋಡೆ ಮೇಲೆ ಗೆರೆ ಎಳೆಯುತ್ತೇನೆ. ಕಾಂಕ್ರೀಟಿನ ಮೊದಲ ರೈಸರ್ 7.67, ಕೊನೆಯದು 5.67. ಹಸಿಯಲ್ಲಿ ತಪ್ಪಾಗಿ ಕಾಣುತ್ತದೆ, ಗೌಂಡಿ ತಕರಾರು ತೆಗೆಯುತ್ತಾನೆ. ಕಲ್ಲು ಕೂತ ಮೇಲೆ ಎಲ್ಲ ಒಂದೇ.

ವೇಸ್ಟ್ (waist, ಸೊಂಟ) ಸ್ಲ್ಯಾಬ್ ಎಂದರೆ ಮೆಟ್ಟಿಲಿನ ತ್ರಿಕೋನ ಬಿಟ್ಟು ಕೆಳಗೆ ಉಳಿಯುವ ಓರೆ ದಪ್ಪ. 6 ಇಂಚು ಬರೆದಿದ್ದರೆ ಓರೆಗೆ ಕಾಟಕೋನದಲ್ಲಿ (90 ಡಿಗ್ರಿಯಲ್ಲಿ) ಅಳೆಯಬೇಕು. ನೆಟ್ಟಗೆ ಟೇಪ್ ಬಿಟ್ಟು 6 ನೋಡಿದರೆ ನಿಜವಾದ ದಪ್ಪ ಸುಮಾರು 5 ಇಂಚಷ್ಟೇ. ಫ್ಲೈಟ್ ಏರಿ ಲ್ಯಾಂಡಿಂಗ್ ಸೇರುವ ಮೂಲೆಯಲ್ಲಿ ಕೆಳಗಿನ ಸರಳನ್ನು ಹಾಗೇ ಬಾಗಿಸಿ ಒಯ್ಯಬಾರದು. ಭಾರ ಬಿದ್ದಾಗ ಅದು ನೇರವಾಗಲು ಎಳೆದು ಅಡಿಯ ಕಾಂಕ್ರೀಟನ್ನು ಉದುರಿಸುತ್ತದೆ. ಫ್ಲೈಟಿನ ಸರಳು ಲ್ಯಾಂಡಿಂಗಿನ ಮೇಲ್ಭಾಗಕ್ಕೆ, ಲ್ಯಾಂಡಿಂಗಿನದು ಫ್ಲೈಟಿನ ಮೇಲ್ಭಾಗಕ್ಕೆ, ಕತ್ತರಿಯಂತೆ ದಾಟಲಿ.

ಹೆಡ್‌ರೂಮ್, ರೇಲಿಂಗ್ ಎರಡನ್ನೂ ಮೂಗುಗಳ ಗೆರೆಯಿಂದ ನೆಟ್ಟಗೆ ಅಳೆಯುವುದು: ಮೇಲಿನ ಬೀಮಿಗೆ 7 ಅಡಿ 3 ಇಂಚು, ಕೈಪಟ್ಟಿಗೆ 3 ಅಡಿ. ರೇಲಿಂಗಿನ ಸರಳುಗಳ ನಡುವೆ 4 ಇಂಚಿಗಿಂತ ಹೆಚ್ಚು ಸಂದಿ ಬಿಡುವುದಿಲ್ಲ, ಕೂಸಿನ ತಲೆ ತೂರಬಾರದು.