ಅಭಿವೃದ್ಧಿ ಶುಲ್ಕ ಕಟ್ಟಿದ್ದಾಯಿತು, ಲೆಕ್ಕ ಕೇಳುವುದು ಹೇಗೆ?

ಮೊದಲು ಚಲನ್ ತೆಗೆದು ನೋಡಿ. ಬಡಾವಣೆ ನಕ್ಷೆಯ ಅನುಮೋದನೆಗೋ ಭೂ ಉಪಯೋಗ ಬದಲಾವಣೆಗೋ ಕಟ್ಟಿದ ಹಣ ಒಂದೇ ಬಾಬತ್ತಿನದ್ದಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ನೇ ಕಲಂ ಪ್ರಕಾರದ ಶುಲ್ಕ ಬೇರೆ. 18-ಎ ಅಡಿ ನೀರು ಪೂರೈಕೆ, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆಗೆಂದು ವಸೂಲಾಗುವ ಸೆಸ್, ಸರ್‌ಚಾರ್ಜ್ ಬೇರೆ. ಯಾವ ಬಾಬತ್ತು, ಯಾವ ಕಚೇರಿಯ ಖಾತೆ ಎಂದು ಬರೆದಿಟ್ಟುಕೊಳ್ಳಿ. ತುಮಕೂರಿನಲ್ಲಿ ಎಡವುವುದೇ ಇಲ್ಲಿ: ಟೂಡಾಗೆ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಕಟ್ಟಿದ ಹಣದ ಲೆಕ್ಕವನ್ನು ಪಾಲಿಕೆಯಲ್ಲಿ ಕೇಳುತ್ತಾರೆ. ಮಾಹಿತಿ ಹಕ್ಕಿನ ಅರ್ಜಿ ತಪ್ಪು ಕಚೇರಿಗೆ ಹೋದರೆ ಅದನ್ನು 5 ದಿನದೊಳಗೆ ವರ್ಗಾಯಿಸಬೇಕೆಂಬ ನಿಯಮವೇನೋ ಇದೆ. ಅದನ್ನೇ ನೆಚ್ಚಿ ಕೂರಬೇಡಿ.

ಮುಂದಿನದು ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 'ನಮ್ಮ ರಸ್ತೆಗೆ ಡಾಂಬರು ಯಾಕೆ ಹಾಕಿಲ್ಲ?' ಎಂದರೆ 'ಪ್ರಶ್ನೆಗೆ ಉತ್ತರಿಸಲು ಅವಕಾಶವಿಲ್ಲ' ಎಂಬ ಹಿಂಬರಹ ಬರುತ್ತದೆ. ದಾಖಲೆಯನ್ನೇ ಹೆಸರಿಸಿ ಹೀಗೆ ಕೇಳಿ:

'01-04-2023ರಿಂದ 31-03-2024ರವರೆಗೆ ವರ್ತುಲ ರಸ್ತೆ ಸರ್‌ಚಾರ್ಜ್‌ನ ಆರಂಭಿಕ ಶಿಲ್ಕು, ವಸೂಲಿ, ಬಡ್ಡಿ, ಖರ್ಚು, ಅಂತಿಮ ಶಿಲ್ಕು ತೋರಿಸುವ ಲೆಡ್ಜರ್ ಪುಟಗಳು ಹಾಗೂ ಸಂಬಂಧಪಟ್ಟ ಬ್ಯಾಂಕ್ ಸ್ಟೇಟ್‌ಮೆಂಟಿನ ದೃಢೀಕೃತ ನಕಲು.'

ಶಿಲ್ಕು ಎಂದರೆ ಖಾತೆಯಲ್ಲಿ ಉಳಿದ ಹಣ. ಬಡ್ಡಿಯನ್ನು ಬಿಡಬೇಡಿ. ವರ್ಷಗಟ್ಟಲೆ ಠೇವಣಿಯಲ್ಲಿ ಕೂತ ಹಣಕ್ಕೆ ಬಂದ ಬಡ್ಡಿ ಸಾಮಾನ್ಯ ನಿಧಿಗೆ ಸೇರಿದ್ದರೆ ಗೊತ್ತಾಗುವುದು ಈ ಒಂದು ಸಾಲಿನಿಂದಲೇ. 'ಮಾಹಿತಿ ಕ್ರೋಡೀಕರಿಸಿಲ್ಲ' ಎಂದರೆ ಕಡತ ಪರಿಶೀಲನೆಗೆ ಅರ್ಜಿ ಹಾಕಿ. ಅದೂ ನಿಮ್ಮ ಹಕ್ಕೇ.

ಉತ್ತರಕ್ಕೆ 30 ದಿನ. ಗಡುವು ಮೀರಿದರೆ ನಕಲು ಉಚಿತ. ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ಲೆಡ್ಜರ್ ಕೈಗೆ ಬಂದ ಮೇಲೆ ಖರ್ಚಿನ ಕಾಲಂ ನೋಡಿ. 'ವಿವಿಧ ಬಡಾವಣೆಗಳಲ್ಲಿ ರಸ್ತೆ ಅಭಿವೃದ್ಧಿ' ಎಂದಿದ್ದರೆ ಏನೂ ಹೇಳಿದಂತಾಗಲಿಲ್ಲ. ಆ ಕಾಮಗಾರಿಯ ಕಾರ್ಯಾದೇಶ, ಅಳತೆ ಪುಸ್ತಕದ (ಎಂ.ಬಿ.) ಪುಟ, ಅನುದಾನದ ಮೂಲ ಇವನ್ನು ಇನ್ನೊಂದು ಅರ್ಜಿಯಲ್ಲಿ ಕೇಳಿ. ಸ್ಮಾರ್ಟ್ ಸಿಟಿ ಹಣದ ರಸ್ತೆ ಶುಲ್ಕದ ಲೆಕ್ಕದಲ್ಲೂ ಇದೆಯೇ ಎಂಬುದು ಮೂಲ ನೋಡಿದರೆ ತಿಳಿಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ತಿಣುಕಾಡಬೇಕಿಲ್ಲ. ಆರ್ಥಿಕ ವರ್ಷ ಮುಗಿದ 180 ದಿನದೊಳಗೆ ಪ್ರತಿ ಶುಲ್ಕದ ಶಿಲ್ಕು, ವಸೂಲಿ, ಬಡ್ಡಿಯ ಜೊತೆಗೆ ಪ್ರತಿ ಕಾಮಗಾರಿಗೆ ಶೇಕಡಾ ಎಷ್ಟು ಶುಲ್ಕದ ಹಣ ಬಿತ್ತು ಎಂಬುದನ್ನೂ ಸ್ಥಳೀಯ ಸಂಸ್ಥೆಯೇ ಪ್ರಕಟಿಸಬೇಕು. ಪಾಲಿಕೆ ಬಜೆಟ್‌ಗೆ ಮುಂಚಿನ ಸಮಾಲೋಚನಾ ಸಭೆಗೆ ಹೋಗುವವರು ಇದೇ ನಮೂನೆಯ ತಃಖ್ತೆ (ಲೆಕ್ಕದ ಪಟ್ಟಿ) ಬೇಕೆಂದು ಲಿಖಿತವಾಗಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.