ಒಬ್ಬ ಅಜ್ಜ, ಎರಡು ಹೆಸರು: ಕ್ವಿಬೆಕ್ ವಂಶವೃಕ್ಷ ಹತ್ತುವುದು ಹೇಗೆ?

ಬೀಗರು ಕೆನಡಾದ ಫ್ರೆಂಚ್ ಮಾತಾಡುವ ಪ್ರಾಂತ್ಯವಾದ ಕ್ವಿಬೆಕ್‌ನವರಾದರೆ ವಂಶವೃಕ್ಷದ ಮಾತು ಒಂದು ದಿನ ಬಂದೇ ಬರುತ್ತದೆ. ಸೊಸೆಯ ಕಡೆಯ ಲೋರಾಂಜೆ ಮನೆತನವನ್ನು ತಿಂಗಳುಗಟ್ಟಲೆ ಹುಡುಕಿ, ಹದಿನೇಳನೇ ಶತಮಾನದ ಹೊಸ್ತಿಲಲ್ಲಿ ಕೈಚೆಲ್ಲಿದವರೊಬ್ಬರನ್ನು ನಾನು ಬಲ್ಲೆ. ಮನೆತನ ಎಲ್ಲಿಗೂ ಹೋಗಿರಲಿಲ್ಲ. ರಿವಾರ್ ಎಂಬ ಹೆಸರಿನಲ್ಲಿ ಅದೇ ಚರ್ಚಿನ ದಾಖಲೆಯಲ್ಲಿ ಕುಳಿತಿತ್ತು.

ಮೊದಲು ಮನೆಯ ಹಿರಿಯರನ್ನು ಕೇಳಿ, ಗೊತ್ತಿರುವ ಅತ್ಯಂತ ಹಳೆಯ ಮದುವೆಯ ದಿನ ಮತ್ತು ಊರನ್ನು ಬರೆದುಕೊಳ್ಳಿ.

ಅಲ್ಲಿಂದ ಮದುವೆಯಿಂದ ಮದುವೆಗೆ ಹಿಂದೆ ಹೋಗಿ. ಜನನದಿಂದ ಶುರು ಮಾಡಬೇಡಿ. ಕ್ಯಾಥೊಲಿಕ್ ಪಾದ್ರಿಗಳು ಮದುವೆಯ ದಾಖಲೆಯಲ್ಲಿ ವಧೂವರರಿಬ್ಬರ ತಂದೆತಾಯಿಯರ ಹೆಸರನ್ನೂ ಬರೆಯುತ್ತಿದ್ದರು. ಒಂದೇ ಪುಟದಲ್ಲಿ ಎರಡು ತಲೆಮಾರು ಸಿಗುತ್ತದೆ. ತಾಯಿಯ ಹೆಸರು ತವರಿನದೇ ಆಗಿರುತ್ತದೆ, ಏಕೆಂದರೆ ದಾಖಲೆಗಳಲ್ಲಿ ಹೆಣ್ಣುಮಕ್ಕಳು ಮದುವೆಯಾದರೂ ಹುಟ್ಟುಹೆಸರಿನಲ್ಲೇ ಉಳಿಯುತ್ತಿದ್ದರು. ಮರುಮದುವೆ ಮಾತ್ರ ಮೋಸ ಮಾಡುತ್ತದೆ. ಅಲ್ಲಿ ತಂದೆತಾಯಿಯ ಬದಲು ತೀರಿಕೊಂಡ ಸಂಗಾತಿಯ ಹೆಸರಷ್ಟೇ ಇರುವುದುಂಟು. ಆಗ ಮೊದಲ ಮದುವೆಯನ್ನು ಹುಡುಕುವುದೇ ದಾರಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ: 'ದಿ' (dit) ಹೆಸರು. ಫ್ರೆಂಚ್‌ನಲ್ಲಿ 'ಎಂದು ಕರೆಯುವ' ಎಂದರ್ಥ. ನಮ್ಮ ಪತ್ರಿಕೆಗಳು ಆರೋಪಿಯ ಹೆಸರಿನ ನಡುವೆ ಹಾಕುವ 'ಅಲಿಯಾಸ್' ಇದ್ದಂತೆ, ಆದರೆ ಇಲ್ಲಿ ಅಪರಾಧವೇನಿಲ್ಲ. 1665ರಲ್ಲಿ ಫ್ರಾನ್ಸ್‌ನಿಂದ ಬಂದಿಳಿದ ಕಾರಿನ್ಯಾನ್-ಸಾಲಿಯೇರ್ ಪಡೆಯಂಥ ತುಕಡಿಗಳ ಸಿಪಾಯಿಗಳಿಗೆ ಸೈನ್ಯದ ಅಡ್ಡಹೆಸರುಗಳಿದ್ದವು: ಲಾಫ್ಲೆರ್ (ಹೂವು), ಸಾಂಸೂಸಿ (ಚಿಂತೆಯಿಲ್ಲದವ), ಲಾಜ್ಯೂನೆಸ್ (ಯೌವನ). ಕ್ವಿಬೆಕ್‌ನಲ್ಲೇ ನೆಲೆಸಿದವರೊಂದಿಗೆ ಆ ಹೆಸರೂ ನೆಲೆಸಿತು. ಜಮೀನಿನಿಂದ ಬಂದ ಹೆಸರುಗಳೂ ಇವೆ. ಕ್ವಿಬೆಕ್‌ನ ಬಾತಿಸ್ಕಾನ್ ಊರಿನ ರಿವಾರ್ ಸಹೋದರರಲ್ಲಿ ಒಬ್ಬ ಲಾವಿನ್ಯ್, ಇನ್ನೊಬ್ಬ ಲೋರಾಂಜೆ. ಅವರ ವಂಶದಲ್ಲಿ ಕೆಲವರು ರಿವಾರ್ ಆಗಿ ಉಳಿದರೆ ಕೆಲವರು ಅಡ್ಡಹೆಸರನ್ನೇ ಅಪ್ಪಿಕೊಂಡರು. ಒಂದೇ ಮನುಷ್ಯ ಮದುವೆಯಲ್ಲಿ ಒಂದು ಹೆಸರು, ಮಗುವಿನ ದೀಕ್ಷಾಸ್ನಾನದಲ್ಲಿ ಇನ್ನೊಂದು ಹೆಸರು ಹೇಳುವುದೂ ಸಾಮಾನ್ಯ.

ಆದ್ದರಿಂದ ಪ್ರತಿ ಅಜ್ಜನಿಗೂ ಎರಡು ಅಂಕಣ ಇಡಿ, ಎರಡೂ ಹೆಸರುಗಳಲ್ಲಿ ಹುಡುಕಿ. ಹೆಸರು ಒಂದೇ ಎಂದು ಇಬ್ಬರನ್ನು ಒಂದು ಮಾಡಬೇಡಿ. ಲಾಫ್ಲೆರ್‌ಗಳು ಹಲವು ಸಂಬಂಧವಿಲ್ಲದ ಮನೆತನಗಳಲ್ಲಿದ್ದಾರೆ. ಹೆಂಡತಿಯ ಪೂರ್ಣ ಹೆಸರು ಹೊಂದಿದರೆ ಮಾತ್ರ ನಂಬಿ. ನನ್ನ ಕಟ್ಟುನಿಟ್ಟಿನ ನಿಯಮ ಇದೊಂದೇ.

ವಂಶಜರು ಅಮೆರಿಕದ ನ್ಯೂ ಇಂಗ್ಲೆಂಡ್‌ನ ಗಿರಣಿ ಊರುಗಳಿಗೆ ಹೋಗಿದ್ದರೆ ಹೆಸರು ಅನುವಾದವೂ ಆಗಿರಬಹುದು. ಬ್ವಾವೇರ್ ಗ್ರೀನ್‌ವುಡ್ ಆದ, ರ್ವಾ ಕಿಂಗ್ ಆದ.

ಮೊದಲ ಹೆಸರಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಗಂಡುಮಕ್ಕಳಿಗೆ ಜೋಸೆಫ್, ಹೆಣ್ಣುಮಕ್ಕಳಿಗೆ ಮಾರಿ ಮುಂದೆ ಸೇರಿಸುವುದು ಬರಬರುತ್ತಾ ವಾಡಿಕೆಯಾಯಿತು. ಕರೆಯುತ್ತಿದ್ದ ಹೆಸರು ಆಮೇಲೆ ಬರುತ್ತದೆ. ಅದನ್ನು ಹೆಚ್ಚಾಗಿ ಧರ್ಮಪಿತನೋ ಧರ್ಮಮಾತೆಯೋ ಕೊಡುತ್ತಿದ್ದರು. ಒಂದೇ ಮನೆಯಲ್ಲಿ ಇಬ್ಬರು ಜಾಂ-ಬಾಪ್ಟಿಸ್ಟ್‌ಗಳು ಕಂಡರೆ ಗಾಬರಿ ಬೇಡ, ಸತ್ತ ಕೂಸಿನ ಹೆಸರನ್ನು ಮುಂದಿನ ಕೂಸಿಗೆ ಇಡುತ್ತಿದ್ದರು. ಸಮಾಧಿ ದಾಖಲೆ ನೋಡಿ.

ಮನೆತನದ ಲಾಂಛನ ಎಂದು ಚರ್ಮದ ಕಾಗದದ ಮೇಲೆ ಮುದ್ರಿಸಿ ಮಾರುವವರಿಗೆ ಹಣ ಕೊಡಬೇಡಿ. ಫ್ರಾನ್ಸ್‌ನಿಂದ ಬಂದವರಲ್ಲಿ ಹೆಚ್ಚಿನವರು ಸಿಪಾಯಿಗಳು, ಕೂಲಿಯವರು, ಕಸುಬುದಾರರು; ಲಾಂಛನವಿದ್ದ ಮನೆತನದವರಲ್ಲ. ಅಂತರ್ಜಾಲದಲ್ಲಿ ಯಾರೋ ಹಾಕಿದ ಸಿದ್ಧ ವೃಕ್ಷವನ್ನು ನಕಲು ಮಾಡುವುದೂ ಬೇಡ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 1966ರಿಂದ ಚರ್ಚ್ ದಾಖಲೆಗಳನ್ನು ಕುಟುಂಬವಾರು ಜೋಡಿಸಿದ್ದಾರೆ. ಅದನ್ನು ನೋಡಲು ಚಂದಾ ಕೊಟ್ಟರೂ ನಷ್ಟವಲ್ಲ. ಮೂಲ ಪುಟದ ಚಿತ್ರವನ್ನೂ ಕಣ್ಣಾರೆ ನೋಡಿ. 1679ರಿಂದ ಪಾದ್ರಿಗಳು ಎರಡು ಪ್ರತಿ ಬರೆಯಬೇಕಿತ್ತು, ಹಾಗಾಗಿ ಒಂದು ಹರಿದಿದ್ದರೆ ಇನ್ನೊಂದನ್ನು ಕೇಳಿ.

ಕಡಲು ದಾಟಿದ ಮೊದಲಿಗನ ಮದುವೆ ಸಿಕ್ಕಾಗ ಅವನ ಫ್ರಾನ್ಸ್‌ನ ಊರು ಮತ್ತು ಧರ್ಮಪ್ರಾಂತ್ಯ ಅಲ್ಲೇ ಬರೆದಿರುವ ಸಾಧ್ಯತೆ ಹೆಚ್ಚು. ವಧು 1663ರಿಂದ 1673ರ ನಡುವೆ ಬಂದ 'ರಾಜನ ಹೆಣ್ಣುಮಕ್ಕಳ'ಲ್ಲಿ (ನೆಲೆಸಿದವರನ್ನು ಮದುವೆಯಾಗಲೆಂದು ಫ್ರಾನ್ಸ್‌ನ ರಾಜ ತನ್ನ ಖರ್ಚಿನಲ್ಲಿ ಕಳಿಸಿದವರು) ಒಬ್ಬಳಾಗಿದ್ದರೆ ಅವಳ ಊರನ್ನೂ ಗುರುತಿಸಿಕೊಳ್ಳಿ. ಅಲ್ಲಿಂದಾಚೆಗೆ ಫ್ರಾನ್ಸ್‌ನ ದಾಖಲೆಗಳು.